ಒಗ್ಗರಣೆ: ಬೇರೆ ಪ್ರೋಗ್ರಾಮಿನೊಳಗೆ ಕೂರುವ ಪುಟ್ಟ ಭಾಷೆ. ಪದೇ ಪದೇ ಕೇಳುವ ಪ್ರಶ್ನೆಗಳು

ಒಗ್ಗರಣೆ ನಾನು ಶನಿವಾರ, ಭಾನುವಾರ ಕೂತು ಬರೆದ ಸ್ಕ್ರಿಪ್ಟಿಂಗ್ ಭಾಷೆ. ಬಸವನಗುಡಿಯ ಒಂದು ದರ್ಶಿನಿಯ ಬಿಲ್ಲಿಂಗ್ ಸಾಫ್ಟ್‌ವೇರಿನೊಳಗೆ ಕೆಲಸ ಮಾಡುತ್ತದೆ. ಅದರ ಬಗ್ಗೆ ಗೆಳೆಯರು, ಆಫೀಸಿನವರು, ಕಾಲೇಜು ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಪ್ರತಿ ಸಲ ಹೊಸದಾಗಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಹೆಸರು ಯಾಕೆ ಹಾಗೆ?

ಸಾರು ಮೊದಲೇ ಆಗಿರುತ್ತದೆ. ಒಗ್ಗರಣೆ ಕೊನೆಗೆ ಬೀಳುತ್ತದೆ, ರುಚಿ ಬದಲಾಗುತ್ತದೆ. ಬರೀ ಒಗ್ಗರಣೆಯನ್ನು ಯಾರೂ ತಟ್ಟೆಗೆ ಹಾಕಿಕೊಂಡು ತಿನ್ನುವುದಿಲ್ಲ. ಈ ಭಾಷೆಯೂ ಹಾಗೇ, ಇದರಲ್ಲಿ ಪೂರ್ತಿ ಪ್ರೋಗ್ರಾಂ ಬರೆಯಲು ಆಗುವುದಿಲ್ಲ. ಸಿ ಭಾಷೆಯಲ್ಲಿ ಬರೆದ ದೊಡ್ಡ ಪ್ರೋಗ್ರಾಂ ಒಂದಿರಬೇಕು, ಅದನ್ನು ಹೋಸ್ಟ್ ಅನ್ನೋಣ. ಅದು ಕರೆದಾಗ ಇದು ಓಡುತ್ತದೆ, ಅದು ಸಾಕು ಅಂದಾಗ ನಿಲ್ಲುತ್ತದೆ.

ಬಿಲ್ಲಿಂಗಿಗೆ ಒಂದು ಭಾಷೆ ಬೇಕಿತ್ತಾ? ಜೇಸನ್ ಫೈಲ್ ಸಾಕಾಗುತ್ತಿರಲಿಲ್ವಾ?

ಶುರು ಮಾಡಿದ್ದು ಜೇಸನ್ ಫೈಲಿನಲ್ಲೇ, ಅಂದರೆ ಹೆಸರು (ಕೀ) ಮತ್ತು ಅದರ ಮೌಲ್ಯವನ್ನು ಜೋಡಿ ಜೋಡಿಯಾಗಿ ಬರೆದಿಡುವ ಫೈಲು. ಐಟಂ ಹೆಸರು, ಬೆಲೆ, ಮುಗಿಯಿತು. ಆಮೇಲೆ ಓನರ್ ಫೋನ್ ಮಾಡಿ ಪಾರ್ಸೆಲ್‌ಗೆ 5 ರೂಪಾಯಿ ಜಾಸ್ತಿ ಹಾಕಿ ಅಂದರು. ಸರಿ, ಇನ್ನೊಂದು ಕೀ ಸೇರಿಸಿದೆ. ಆಮೇಲೆ ಬೆಳಿಗ್ಗೆ 11ರ ತನಕ ಇಡ್ಲಿ ವಡೆ ಕಾಂಬೊ, ಏಕಾದಶಿ ದಿನ ಈರುಳ್ಳಿ ಇಲ್ಲದ ಮೆನು, ಬೈಟೂ ಕಾಫಿಗೆ ಲೋಟ ಎರಡು ಬೆಲೆ ಒಂದು, ಆದರೆ ಭಾನುವಾರ ಬೆಳಿಗ್ಗೆ ರಶ್ ಇರುವಾಗ ಬೈಟೂ ಇಲ್ಲವೇ ಇಲ್ಲ. ಹೀಗೆ ಜೇಸನ್‌ನಲ್ಲಿ 'ಆದರೆ' ಅನ್ನೋ ಕೀ ಬಂತು, ಹಿಂದೆಯೇ 'ಮತ್ತು' ಬಂತು, ಅದರ ಹಿಂದೆ 'ಅಲ್ಲ' ಬಂತು. ಒಂದು ಸಂಜೆ ಆ ಫೈಲ್ ನೋಡುತ್ತಾ ಕೂತಾಗ ಗೊತ್ತಾಯಿತು, ನಾನು ಆಗಲೇ ಒಂದು ಭಾಷೆ ಬರೆದಿದ್ದೇನೆ, ಅದೂ ಬರೀ ಆವರಣ ಚಿಹ್ನೆಗಳೇ ತುಂಬಿದ ಕೆಟ್ಟ ಭಾಷೆ.

ನಿಯಮಗಳನ್ನು ಸಿ ಕೋಡಿನಲ್ಲೇ ಬರೆಯಬಹುದಿತ್ತು. ಆದರೆ ಪ್ರತಿ ಬದಲಾವಣೆಗೂ ಕಂಪೈಲ್ ಮಾಡಿ, ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಯಲಹಂಕದಿಂದ ಬಸವನಗುಡಿಗೆ ಬೈಕಿನಲ್ಲಿ ಹೋಗಬೇಕು. ಮೇಖ್ರಿ ಸರ್ಕಲ್ ದಾಟುವ ಹೊತ್ತಿಗೆ ಬೆಲೆ ಇನ್ನೊಂದು ಸಲ ಬದಲಾಗಿರುತ್ತದೆ. ಓನರ್ ಮಗ ಬಿಕಾಂ ಎರಡನೇ ವರ್ಷ. ಅವನೇ ಬರೆದುಕೊಳ್ಳುವ ಹಾಗಿದ್ದರೆ ನನಗೆ ಈ ಓಡಾಟವೇ ಇರುವುದಿಲ್ಲ. ಆಸೆ ಇದ್ದಿದ್ದು ಅಷ್ಟೇ.

ಲೂವಾ ಇದೆಯಲ್ಲ, ಮತ್ತೆ ಇನ್ನೊಂದು ಯಾಕೆ?

ಲೂವಾ ಕೂಡ ಬೇರೆ ಪ್ರೋಗ್ರಾಮಿನೊಳಗೆ ಕೂರುವ ಭಾಷೆಯೇ. ನಿಮಗೆ ಕೆಲಸ ಆಗಬೇಕಿದ್ದರೆ ಅದನ್ನೇ ಹಾಕಿಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ರೊಬೆರ್ಟೊ ಯೆರುಸಾಲಿಂಸ್ಕಿ, ವಾಲ್ಡೆಮಾರ್ ಸೆಲೆಸ್, ಲೂಯಿಜ್ ಹೆನ್ರಿಕ್ ಡಿ ಫಿಗರೆಡೊ ಮೂವರು ಸೇರಿ ಮಾಡಿದ್ದು. ಅಲ್ಲಿಯ ಪೆಟ್ರೋಬ್ರಾಸ್ ಎಣ್ಣೆ ಕಂಪನಿಗೆ ಅದಕ್ಕೂ ಮೊದಲು ಎರಡು ಪುಟ್ಟ ಭಾಷೆ ಮಾಡಿಕೊಟ್ಟಿದ್ದರು. ಅದರಲ್ಲಿ ಒಂದರ ಹೆಸರು ಸೋಲ್, ಪೋರ್ಚುಗೀಸ್‌ನಲ್ಲಿ ಸೂರ್ಯ. ಮುಂದಿನದಕ್ಕೆ ಲೂವಾ ಅಂತ ಇಟ್ಟರು, ಅಂದರೆ ಚಂದ್ರ. ಪ್ರೋಗ್ರಾಮಿಂಗ್ ಕೆಲಸದವರಲ್ಲದ ಎಂಜಿನಿಯರುಗಳು ಬಳಸಲಿ ಅಂತ ಮಾಡಿದ್ದು. ನಮ್ಮ ಬಿಕಾಂ ಹುಡುಗನ ಕಥೆಗೂ ಅದಕ್ಕೂ ಏನೂ ದೂರವಿಲ್ಲ.

ಇವತ್ತು ರೆಡಿಸ್ ಡೇಟಾಬೇಸ್, ನಿಯೋವಿಮ್ ಎಡಿಟರ್, ನೆಟ್‌ವರ್ಕ್ ತಪಾಸಣೆ ಮಾಡುವ ವೈರ್‌ಶಾರ್ಕ್, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ ಎಲ್ಲದರ ಒಳಗೂ ಲೂವಾ ಕೂತಿದೆ. ಇಡೀ ಭಾಷೆ ಸುಮಾರು 30,000 ಸಾಲು ಸಿ. ಅದನ್ನು ಮೀರಿಸುತ್ತೇನೆ ಅನ್ನೋ ಭ್ರಮೆ ನನಗಿಲ್ಲ.

ಆದರೂ ಬರೆದಿದ್ದಕ್ಕೆ ಕಾರಣ ಎರಡು. ಲೂವಾದಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲಿ ಇಡಲು ಆಗುವುದಿಲ್ಲ. ಎರಡನೆಯದು, ಘೋಷಿಸದ ಹೆಸರನ್ನು ಓದಿದರೆ ಲೂವಾ ಸುಮ್ನೆ 'ಏನೂ ಇಲ್ಲ' ಅನ್ನೋ ಮೌಲ್ಯ ಕೊಟ್ಟುಬಿಡುತ್ತದೆ. ರಿಯಾಯಿತಿ ಅಂತ ಒಂದು ಕಡೆ, ರಿಯಾಯ್ತಿ ಅಂತ ಇನ್ನೊಂದು ಕಡೆ ಬರೆಯುವ ಊರು ನಮ್ಮದು, ಅಲ್ವಾ. ಎರಡಕ್ಕೂ ದಾರಿ ಮಾಡಿಕೊಳ್ಳಬಹುದಿತ್ತು ಅಂತ ಗೊತ್ತು. ಮೂರನೇ ಕಾರಣ ಬರೆಯಬೇಕು ಅನ್ನಿಸಿತು, ಬರೆದೆ.

ಟೈಪ್ ಯಾಕೆ ಬರೆಯೋ ಹಾಗಿಲ್ಲ? ಡೈನಾಮಿಕ್ ಅಂದರೆ ತಪ್ಪು ಜಾಸ್ತಿ ಅಲ್ವಾ?

ಎಲ್ಲರ ಮನೆ ಅಡುಗೆಮನೆಯಲ್ಲೂ ಒಂದು ಹಾರ್ಲಿಕ್ಸ್ ಬಾಟಲಿ ಇರುತ್ತದೆ, ಅದರೊಳಗೆ ಸಾಸಿವೆಯೋ ಹುರಿಗಡಲೆಯೋ ಇರುತ್ತದೆ. ಡೈನಾಮಿಕ್ ಟೈಪಿಂಗ್ ಇದೇ. ಬಾಟಲಿ ಮೇಲಿನ ಹೆಸರನ್ನು ಯಾರೂ ನಂಬುವುದಿಲ್ಲ, ಒಳಗಿರುವ ಪದಾರ್ಥಕ್ಕೆ ತಾನು ಏನು ಅಂತ ಗೊತ್ತಿರುತ್ತದೆ. ವೇರಿಯಬಲ್‌ಗೆ ಟೈಪ್ ಇಲ್ಲ, ಮೌಲ್ಯಕ್ಕೆ ಇದೆ. ಸ್ಟ್ಯಾಟಿಕ್ ಭಾಷೆಯಲ್ಲಿ ಬಾಟಲಿಗೆ ಲೇಬಲ್ ಅಂಟಿಸಿ ಬೇರೆಯದನ್ನು ಹಾಕಲು ಬಿಡುವುದಿಲ್ಲ.

ಇಪ್ಪತ್ತು ಸಾಲಿನ ನಿಯಮ ಬರೆಯುವವನಿಗೆ ಲೇಬಲ್ ಅಂಟಿಸುವ ಕೆಲಸ ಹಚ್ಚಿದರೆ ಅವನು ಬರೆಯುವುದೇ ಇಲ್ಲ. ಆದರೆ ಟೈಪ್ ಬರೆಯಬೇಕಿಲ್ಲ ಅಂದ ಮಾತ್ರಕ್ಕೆ ಏನು ಬೇಕಾದರೂ ಕಲಸಬಹುದು ಅಂತಲ್ಲ. '5' ಅನ್ನೋ ಅಕ್ಷರಕ್ಕೆ 1 ಅನ್ನೋ ಸಂಖ್ಯೆ ಕೂಡಿಸಿದರೆ ಜಾವಾಸ್ಕ್ರಿಪ್ಟ್ '51' ಅನ್ನುತ್ತದೆ, ಲೂವಾ 6 ಅನ್ನುತ್ತದೆ, ಪೈಥಾನ್ ಇದು ಆಗಲ್ಲ ಅಂತ ಎರರ್ ಕೊಡುತ್ತದೆ. ಬಿಲ್ಲಿನಲ್ಲಿ ಮೊದಲ ಎರಡೂ ಅಪಾಯ. ನಾನು ಪೈಥಾನ್ ದಾರಿ ಹಿಡಿದೆ. ಹಾಗೇ ಹೊಸ ಹೆಸರನ್ನು ಮೊದಲ ಸಲ ಬಳಸುವಾಗ 'ಇರಲಿ' ಅಂತ ಹೇಳಲೇಬೇಕು. 'ಇರಲಿ ರಿಯಾಯಿತಿ = 0' ಅಂತ ಬರೆದು ಕೆಳಗೆ 'ರಿಯಾಯ್ತಿ' ಅಂದರೆ, ಪ್ರೋಗ್ರಾಂ ಓಡುವುದಕ್ಕೂ ಮೊದಲೇ ಸಾಲಿನ ಸಂಖ್ಯೆ ಸಮೇತ ಬೈಸಿಕೊಳ್ಳುತ್ತೀರಿ.

ಕೀವರ್ಡ್‌ಗಳು ಕನ್ನಡದಲ್ಲೇ ಇವೆಯಾ? ಸುಮ್ನೆ ಇಂಗ್ಲಿಷ್ ಪದಗಳನ್ನು ಅನುವಾದ ಮಾಡಿದ್ದಾ?

ಮೊದಲು ಹಾಗೇ ಮಾಡಿದ್ದೆ. ಇಂಗ್ಲಿಷಿನಲ್ಲಿ 'ಇಫ್' ಮೊದಲು ಬರುತ್ತದೆ, ಷರತ್ತು ಆಮೇಲೆ. ಆ ಜಾಗದಲ್ಲಿ 'ಆದರೆ' ಇಟ್ಟು 'ಆದರೆ ಪಾರ್ಸೆಲ್' ಅಂತ ಬರೆಸಿದೆ. ಓನರ್ ಮಗ ಓದಿ, "ಅಣ್ಣಾ, ಇದು 'ಬಟ್ ಪಾರ್ಸೆಲ್' ಅನ್ನೋ ಥರ ಇದೆ" ಅಂದ. ಸರಿಯಾಗೇ ಹೇಳಿದ್ದ. ಕನ್ನಡದಲ್ಲಿ ಷರತ್ತು ಮೊದಲು, 'ಆದರೆ' ಆಮೇಲೆ. ಹಾಗಾಗಿ ಈಗ ಹೀಗಿದೆ:

ಪಾರ್ಸೆಲ್ ಆದರೆ
    ಮೊತ್ತ = ಮೊತ್ತ + 500
ಮುಗಿಯಿತು

500 ಯಾಕೆ ಅಂದರೆ ದುಡ್ಡೆಲ್ಲ ಪೈಸೆಯಲ್ಲಿದೆ, ಅದನ್ನು ಮುಂದೆ ಹೇಳುತ್ತೇನೆ.

ಪಾರ್ಸರ್‌ಗೆ, ಅಂದರೆ ಬರೆದ ಸಾಲುಗಳನ್ನು ಓದಿ ಅವುಗಳ ರಚನೆ ಕಂಡುಹಿಡಿಯುವ ಭಾಗಕ್ಕೆ, ಇದು ಕಷ್ಟ ಆಗುತ್ತದೆ ಅಂದುಕೊಂಡಿದ್ದೆ. ಇಂಗ್ಲಿಷ್ ಥರದ ಭಾಷೆಯಲ್ಲಿ ಮೊದಲ ಪದ ನೋಡಿದ ಕೂಡಲೇ ಇದು ಷರತ್ತಾ, ಲೂಪಾ ಅಂತ ಗೊತ್ತಾಗುತ್ತದೆ. ಇಲ್ಲಿ ಇಡೀ ಷರತ್ತು ಓದಿ ಮುಗಿಸುವ ತನಕ ಗೊತ್ತಾಗುವುದಿಲ್ಲ. ಆದರೆ ಕಂಪ್ಯೂಟರ್ ವಿಜ್ಞಾನಿ ವಾನ್ ಪ್ರಾಟ್ 1973ರಲ್ಲಿ ಹೇಳಿಕೊಟ್ಟ ಪಾರ್ಸಿಂಗ್ ವಿಧಾನದಲ್ಲಿ ಇದು ಸಮಸ್ಯೆಯೇ ಅಲ್ಲ. ಅಲ್ಲಿ ಪ್ರತಿ ಚಿಹ್ನೆಗೂ ಒಂದು ಬಲ ಇರುತ್ತದೆ. ಗುಣಾಕಾರಕ್ಕೆ ಕೂಡುವುದಕ್ಕಿಂತ ಬಲ ಜಾಸ್ತಿ, ಹೋಲಿಕೆಗೆ ಇನ್ನೂ ಕಡಿಮೆ. 'ಆದರೆ'ಗೆ ಎಲ್ಲಕ್ಕಿಂತ ಕಡಿಮೆ ಬಲ ಕೊಟ್ಟೆ. ಎಡಗಡೆ ಇರುವುದೆಲ್ಲ ಒಟ್ಟುಗೂಡಿದ ಮೇಲೆ ಅದು ಬಂದು ಕೂರುತ್ತದೆ, ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುವ ಹಾಗೆ. 'ಇರುವ ತನಕ' ಅನ್ನೋ ಲೂಪ್ ಕೂಡ ಇದೇ ರೀತಿ ಬಂತು. ಯಾಕ್, ಬೈಸನ್ ಥರದ ಪಾರ್ಸರ್ ಬರೆದುಕೊಡುವ ಸಾಧನಗಳನ್ನು ಮುಟ್ಟಲಿಲ್ಲ. ಕೈಯಲ್ಲಿ ಬರೆದ ಪಾರ್ಸರ್ 900 ಸಾಲಿನ ಒಳಗಿದೆ, ಎರರ್ ಸಂದೇಶಗಳನ್ನೂ ನನಗೆ ಬೇಕಾದ ಹಾಗೆ ಬರೆಯಬಹುದು.

ಕನ್ನಡ ಕೀವರ್ಡ್ ಇಟ್ಟಿದ್ದು ಅಭಿಮಾನಕ್ಕಲ್ಲ ಅಂದರೆ ಸುಳ್ಳಾಗುತ್ತದೆ, ಸ್ವಲ್ಪ ಅದೂ ಇದೆ. ಆದರೆ ಕೌಂಟರಿನಲ್ಲಿ ಕೂತವನು ನಿಯಮವನ್ನು ಜೋರಾಗಿ ಓದಿದಾಗ ಅದು ಮಾತಿನ ಹಾಗೆ ಕೇಳುತ್ತದೆ. ತಪ್ಪಿದ್ದರೆ ಕಿವಿಗೇ ಗೊತ್ತಾಗುತ್ತದೆ.

ನನ್ನ ಎರಡು ಹೆಸರು ನೋಡಲು ಒಂದೇ ಥರ ಇವೆ. ಆದರೂ ಭಾಷೆ ಬೇರೆ ಬೇರೆ ಅನ್ನುತ್ತಿದೆ, ಯಾಕೆ?

ಹಳೆಯ ಆವೃತ್ತಿ ಬಳಸುತ್ತಿದ್ದೀರಿ. ಹೊಸದು ಹಾಕಿಕೊಳ್ಳಿ. ಕಾರಣ ಕೇಳಿ, ನನಗೆ ಒಂದು ವಾರದ ನಿದ್ದೆ ಕೆಡಿಸಿದ ವಿಷಯ ಇದು.

'ಮೊತ್ತ' ಅಂತ ಬರೆಯಿರಿ. ಮ ಆದ ಮೇಲೆ ಬರುವ ಒ ಸ್ವರದ ಗುರುತನ್ನು ಯೂನಿಕೋಡ್‌ನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ) ಎರಡು ರೀತಿ ಬರೆಯಬಹುದು. ಅದಕ್ಕೇ ಅಂತ ಒಂದು ಸಂಕೇತ ಇದೆ. ಇಲ್ಲದಿದ್ದರೆ ಎ ಗುರುತು ಮತ್ತು ಊ ಗುರುತು ಎರಡನ್ನೂ ಒಂದರ ಹಿಂದೆ ಒಂದು ಇಡಬಹುದು. ತೆರೆಯ ಮೇಲೆ ಎರಡೂ ಒಂದೇ, ಬೈಟುಗಳು ಬೇರೆ. ಒಂದು ಕೀಬೋರ್ಡಿನಲ್ಲಿ ಹೊಡೆದದ್ದು ಒಂಥರ, ಇನ್ನೆಲ್ಲಿಂದಲೋ ಕಾಪಿ ಮಾಡಿದ್ದು ಇನ್ನೊಂಥರ ಬರಬಹುದು. ಈಗ ಸಾಲನ್ನು ಪದ ಪದವಾಗಿ ಬಿಡಿಸುವ ಲೆಕ್ಸರ್ ಹೆಸರನ್ನು ಓದುವಾಗಲೇ ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಯೂನಿಕೋಡ್‌ನವರು ಈ ಕೆಲಸಕ್ಕೆ ಎನ್‌ಎಫ್‌ಸಿ ಅಂತ ನಿಯಮವನ್ನೇ ಮಾಡಿಟ್ಟಿದ್ದಾರೆ. ಪೈಥಾನ್ 3 ಕೂಡ ಹೆಸರುಗಳನ್ನು ಹೀಗೆ ಒಂದೇ ರೂಪಕ್ಕೆ ತರುತ್ತದೆ, ಅದು ಹಿಡಿದಿರುವ ನಿಯಮ ಸ್ವಲ್ಪ ಬೇರೆ.

ಇದಕ್ಕಿಂತ ತುಂಟ ಸಮಸ್ಯೆ ಸೊನ್ನೆಯದು. ಕನ್ನಡದ ಸೊನ್ನೆ ಅಂಕಿಯೂ ಅನುಸ್ವಾರವೂ ನೋಡಲು ಒಂದೇ. '೧೦' ಅಂತ ಹೊಡೆಯಲು ಹೋಗಿ ಒಂದರ ಮುಂದೆ ಅನುಸ್ವಾರ ಹೊಡೆಯುವವರು, 'ಅಂಕಿ' ಅಂತ ಬರೆಯುವಾಗ ಮಧ್ಯದಲ್ಲಿ ಸೊನ್ನೆ ಇಡುವವರು, ಎರಡೂ ಜನ ಇದ್ದಾರೆ. ಈಗ ಅಂಕಿಯ ಪಕ್ಕದಲ್ಲಿ ಅನುಸ್ವಾರ ಕಂಡರೆ 'ಇಲ್ಲಿ ಸೊನ್ನೆ ಬೇಕಿತ್ತಾ?' ಅಂತ ಕೇಳುತ್ತದೆ. ತಾನೇ ತಿದ್ದುವುದಿಲ್ಲ. ದುಡ್ಡಿನ ವಿಷಯದಲ್ಲಿ ಊಹೆ ಮಾಡುವ ಯಂತ್ರ ನನಗೆ ಬೇಡ.

'ಕನ್ನಡ' ಪದದ ಉದ್ದ ಎಷ್ಟು?

ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ. ಲೂವಾ 15 ಅನ್ನುತ್ತದೆ, ಯಾಕೆಂದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಪೈಥಾನ್, ಜಾವಾಸ್ಕ್ರಿಪ್ಟ್ 5 ಅನ್ನುತ್ತವೆ: ಕ, ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ನ, ಡ. ಒಂದನೇ ಕ್ಲಾಸಿನ ಮಗುವನ್ನು ಕೇಳಿದರೆ 3. ಒಗ್ಗರಣೆಯಲ್ಲಿ 'ಅಕ್ಷರಗಳು' ಅಂದರೆ 3 ಬರುತ್ತದೆ, 'ಬೈಟುಗಳು' ಅಂದರೆ 15. ಸುಮ್ನೆ 'ಉದ್ದ' ಅನ್ನೋ ಫಂಕ್ಷನ್ ಬೇಕಂತಲೇ ಇಟ್ಟಿಲ್ಲ.

ಸಂಖ್ಯೆಗಳು ಪೂರ್ಣಾಂಕವಾ, ದಶಮಾಂಶವಾ?

ಎರಡೂ ಇವೆ, ಬೇರೆ ಬೇರೆಯಾಗಿ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವ ಕಥೆ ಎಲ್ಲರಿಗೂ ಗೊತ್ತು. ಅದಕ್ಕೇ ದುಡ್ಡನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡುತ್ತೇವೆ. 'ಡಬಲ್' ಅನ್ನೋ ದಶಮಾಂಶ ಸಂಖ್ಯೆಯಲ್ಲೇ ಪೈಸೆ ಇಡಬಹುದಲ್ಲ, 9,00,71,99,25,47,40,992ರ ತನಕ ಪೂರ್ಣಾಂಕ ಸರಿಯಾಗಿ ಕೂರುತ್ತದಲ್ಲ ಅಂತ ಒಬ್ಬರು ಕೇಳಿದರು. ಕೂರುತ್ತದೆ, ಆ ದರ್ಶಿನಿ ಅಷ್ಟು ದೋಸೆ ಮಾರುವುದೂ ಇಲ್ಲ. ಸಮಸ್ಯೆ ದೊಡ್ಡ ಸಂಖ್ಯೆಯದಲ್ಲ, ಸದ್ದಿಲ್ಲದೆ ನುಸುಳುವ ಅರ್ಧ ಪೈಸೆಯದು. ಹೋಟೆಲ್ ಬಿಲ್ಲಿನ ಜಿಎಸ್‌ಟಿ 5%. ಅದನ್ನು ಕೇಂದ್ರಕ್ಕೆ 2.5, ರಾಜ್ಯಕ್ಕೆ 2.5 ಅಂತ ತೋರಿಸಬೇಕು. 15 ರೂಪಾಯಿ ಕಾಫಿಗೆ 2.5% ಅಂದರೆ 37.5 ಪೈಸೆ. ಆ ಅರ್ಧ ಎಲ್ಲಿ ಹೋಗಬೇಕು ಅಂತ ಮನುಷ್ಯ ಹೇಳಬೇಕು.

ಹಾಗಾಗಿ ಎರಡು ಪೂರ್ಣಾಂಕಗಳ ಭಾಗಾಕಾರದಲ್ಲಿ ಶೇಷ ಉಳಿದರೆ ಒಗ್ಗರಣೆ ಎರರ್ ಕೊಡುತ್ತದೆ. 'ಸುತ್ತು(ಮೊತ್ತ * 5, 200)' ಅಂತ ಬರೆದರೆ ಮಾತ್ರ ಹತ್ತಿರದ ಪೈಸೆಗೆ ತರುತ್ತದೆ. ಕಿರಿಕಿರಿ ಅಂತ ಬೈದವರಿದ್ದಾರೆ. ಬೈಯಲಿ.

ಲೂವಾದಲ್ಲೂ ಬಹಳ ಕಾಲ ಎಲ್ಲವೂ ದಶಮಾಂಶ ಸಂಖ್ಯೆಯೇ ಆಗಿತ್ತು. 2015ರ 5.3 ಆವೃತ್ತಿಯಲ್ಲಿ ಪೂರ್ಣಾಂಕ ಬೇರೆಯಾಯಿತು.

ಒಳಗೆ ಹೇಗೆ ಓಡುತ್ತದೆ?

ಪಠ್ಯ ಮೊದಲು ಬೈಟ್‌ಕೋಡ್, ಅಂದರೆ ಪುಟ್ಟ ಪುಟ್ಟ ಆದೇಶಗಳ ಸಾಲು, ಆಗುತ್ತದೆ, ಅದನ್ನು ಒಂದು ಪುಟ್ಟ ವರ್ಚುವಲ್ ಯಂತ್ರ ಓಡಿಸುತ್ತದೆ. ಸ್ಟ್ಯಾಕ್ ಯಂತ್ರ. ಅಂದರೆ 2 + 3 ಮಾಡಲು 2 ಇಡು, 3 ಇಡು, ಮೇಲಿನ ಎರಡನ್ನೂ ತೆಗೆದು ಕೂಡಿ ಇಡು. ತಟ್ಟೆ ಜೋಡಿಸಿದ ಹಾಗೆ. ಲೂವಾ 2003ರ 5.0ರಲ್ಲಿ ಇದನ್ನು ಬಿಟ್ಟು ರಿಜಿಸ್ಟರ್ ಯಂತ್ರಕ್ಕೆ ಹೋಯಿತು. ಅದರಲ್ಲಿ ಆದೇಶಗಳ ಸಂಖ್ಯೆ ಕಡಿಮೆಯಾಗುತ್ತದೆ, ಆದರೆ ಕಂಪೈಲರ್ ಬರೆಯುವವನ ತಲೆನೋವು ಜಾಸ್ತಿ. ನಾನು ಸುಲಭದ್ದನ್ನೇ ಇಟ್ಟುಕೊಂಡೆ.

ಒಂದೊಂದು ಮೌಲ್ಯ 16 ಬೈಟ್: 8 ಬೈಟ್ ವಸ್ತು, ಅದು ಯಾವ ಜಾತಿ ಅನ್ನೋ ಗುರುತು ಒಂದು, ಉಳಿದದ್ದು ಜೋಡಣೆಗೆ ಬಿಟ್ಟ ಖಾಲಿ ಜಾಗ. ಎಲ್ಲವನ್ನೂ 8 ಬೈಟಿನಲ್ಲಿ ತುರುಕುವ ನ್ಯಾನ್ ಬಾಕ್ಸಿಂಗ್ ಅನ್ನೋ ಕೈಚಳಕ ಇದೆ. 'ಇದು ಸಂಖ್ಯೆಯೇ ಅಲ್ಲ' ಅಂತ ಹೇಳಲು ಡಬಲ್‌ನಲ್ಲಿ ಮೀಸಲಿಟ್ಟ ಲೆಕ್ಕವಿಲ್ಲದಷ್ಟು ಬಿಟ್ ಜೋಡಣೆಗಳ ಒಳಗೆ ಪಾಯಿಂಟರ್‌ಗಳನ್ನು (ಮೆಮೊರಿಯ ವಿಳಾಸಗಳನ್ನು) ಬಚ್ಚಿಡುವುದು. ನೋಡಲು ಬಹಳ ಚೆನ್ನಾಗಿದೆ, ಆದರೆ 64 ಬಿಟ್ ಪೂರ್ಣಾಂಕ ಅದರಲ್ಲಿ ಹಿಡಿಸುವುದಿಲ್ಲ. ಪೈಸೆ ಲೆಕ್ಕ ಬೇಕು ಅಂತ ತೀರ್ಮಾನಿಸಿದ ದಿನವೇ ಆ ಬಾಗಿಲು ಮುಚ್ಚಿತು.

ಎಷ್ಟು ವೇಗ?

ಸಾಕಷ್ಟು. ಒಂದು ಬಿಲ್ಲಿನ ನಿಯಮ ಓಡುವ ಸಮಯಕ್ಕಿಂತ ಪ್ರಿಂಟರ್ ಕಾಗದ ಎಳೆಯುವ ಸಮಯ ಎಷ್ಟೋ ಪಟ್ಟು ಜಾಸ್ತಿ. ಲೂಪಿನೊಳಗೆ ಕೋಟಿ ಸಲ ಕೂಡಿಸುವ ಸ್ಪರ್ಧೆಯಲ್ಲಿ ಸೋಲುತ್ತದೆ.

ಇದರಲ್ಲಿ ನಿಜವಾಗಿ ಕಷ್ಟ ಆಗಿದ್ದು ಯಾವುದು?

ವ್ಯಾಕರಣ, ಪಾರ್ಸರ್, ಬೈಟ್‌ಕೋಡ್ ಯಾವುದೂ ಅಲ್ಲ. ಬೇರೆಯವರ ಮನೆಯಲ್ಲಿ ಬಾಡಿಗೆಗೆ ಇರುವುದು ಕಷ್ಟ. ಹೋಸ್ಟ್ ಮನೆ ಮಾಲೀಕ, ಸ್ಕ್ರಿಪ್ಟ್ ಬಾಡಿಗೆದಾರ. ಯಾವ ಸಾಮಾನು ಯಾರದು, ಯಾರು ಯಾವಾಗ ಎಸೆಯಬಹುದು, ಏನಾದರೂ ಒಡೆದರೆ ಯಾರು ನೋಡಿಕೊಳ್ಳಬೇಕು, ಇದೆಲ್ಲ ಮೊದಲೇ ಮಾತಾಗಿರಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಆಮೇಲೆ ಪೇಂಟಿಂಗ್ ಖರ್ಚು ಯಾರದು ಅಂತ ಜಗಳ ಆಡಿದವರಿಗೆ ನಾನು ಜಾಸ್ತಿ ವಿವರಿಸಬೇಕಿಲ್ಲ.

ಮುಖ್ಯ ಜಗಳ ಕಸದ್ದು. ಬಳಸಿ ಬಿಟ್ಟ ಮೆಮೊರಿಯನ್ನು ಭಾಷೆಯೇ ಗುಡಿಸಬೇಕು. ಇದಕ್ಕೆ ಎರಡು ಹಳೆಯ ದಾರಿ ಇವೆ, ಎರಡೂ 1960ರವು. ಒಂದು, ಪ್ರತಿ ವಸ್ತುವನ್ನು ಎಷ್ಟು ಜನ ಹಿಡಿದಿದ್ದಾರೆ ಅಂತ ಎಣಿಸುವುದು. ಎಣಿಕೆ ಸೊನ್ನೆಯಾದರೆ ಎಸೆ. ಎರಡು ವಸ್ತು ಒಂದನ್ನೊಂದು ಹಿಡಿದುಕೊಂಡು ಕೂತರೆ ಎಣಿಕೆ ಯಾವತ್ತೂ ಸೊನ್ನೆ ಆಗುವುದಿಲ್ಲ, ಅದಕ್ಕೇ ಪೈಥಾನ್ ಎಣಿಕೆಯ ಜೊತೆ ಇನ್ನೊಂದು ಗುಡಿಸುವವನನ್ನೂ ಇಟ್ಟುಕೊಂಡಿದೆ. ಇನ್ನೊಂದು ದಾರಿ ಜಾನ್ ಮೆಕಾರ್ಥಿ ತಮ್ಮ ಲಿಸ್ಪ್ ಭಾಷೆಗೆ ಮಾಡಿದ್ದು: ಗೊತ್ತಿರುವ ಜಾಗಗಳಿಂದ ಶುರು ಮಾಡಿ, ಕೈಗೆ ಸಿಗುವ ಎಲ್ಲಕ್ಕೂ ಗುರುತು ಹಾಕು, ಗುರುತಿಲ್ಲದ್ದನ್ನು ಎಸೆ. ನಾನು ಇದನ್ನೇ ಮಾಡಿದೆ, ಇನ್ನೂರು ಸಾಲು ಕೂಡ ಆಗಲಿಲ್ಲ.

ಆದರೆ 'ಗೊತ್ತಿರುವ ಜಾಗ' ಅನ್ನುವಲ್ಲಿ ಎಡವಿದೆ. ಸ್ಕ್ರಿಪ್ಟ್ ಮಾಡಿದ ಐಟಂ ಪಟ್ಟಿಯ ಪಾಯಿಂಟರ್ ಅನ್ನು ನೇರವಾಗಿ ಸಿ ಕೋಡಿಗೆ ಕೊಟ್ಟುಬಿಟ್ಟಿದ್ದೆ. ಸಿ ಕೋಡ್ ಅದನ್ನು ತನ್ನ ಜೇಬಿನಲ್ಲಿ ಇಟ್ಟುಕೊಂಡಿತ್ತು. ಗುಡಿಸುವವನಿಗೆ ಆ ಜೇಬು ಕಾಣುವುದಿಲ್ಲ, ಯಾರಿಗೂ ಬೇಡ ಅಂತ ಪಟ್ಟಿಯನ್ನು ಎಸೆದ. ಮೂರು ದಿನಕ್ಕೊಮ್ಮೆ, ಯಾವುದೋ ಬಿಲ್ಲಿನಲ್ಲಿ, ಕಾರಣವಿಲ್ಲದೆ ಕ್ರ್ಯಾಶ್. ಮನೆಯಲ್ಲಿ ಓಡಿಸಿದರೆ ಒಂದು ಸಲವೂ ಆಗುತ್ತಿರಲಿಲ್ಲ. ಕೊನೆಗೆ ಪ್ರತಿ ಸಲ ಮೆಮೊರಿ ಕೇಳಿದಾಗಲೂ ಬೇಕಂತಲೇ ಇಡೀ ಮನೆ ಗುಡಿಸುವ ಹಾಗೆ ಒಂದು ಸ್ವಿಚ್ ಹಾಕಿದೆ. ಆ ಸ್ವಿಚ್ ಹಾಕಿದ ಹತ್ತು ನಿಮಿಷದಲ್ಲಿ ಬಗ್ ಕೈಗೆ ಸಿಕ್ಕಿತು. ಭಾಷೆ ಬರೆಯುವವರೆಲ್ಲ ಈ ಸ್ವಿಚ್ ಅನ್ನು ಮೊದಲ ದಿನವೇ ಹಾಕಬೇಕು, ನಾನು ಎಂಟು ತಿಂಗಳಾದ ಮೇಲೆ ಹಾಕಿದೆ.

ಲೂವಾದವರು ಇದನ್ನು ಎಷ್ಟು ಜಾಣತನದಿಂದ ನಿಭಾಯಿಸಿದ್ದಾರೆ ಅಂತ ಆಮೇಲೆ ಅರ್ಥವಾಯಿತು. ಅವರು ಟೇಬಲ್‌ನ ಪಾಯಿಂಟರ್ ಹಿಡಿದು ಕೆಲಸ ಮಾಡಲು ಸಿ ಕೋಡನ್ನು ಬಿಡುವುದೇ ಇಲ್ಲ. ನಡುವೆ ಒಂದು ಸ್ಟ್ಯಾಕ್ ಇದೆ, ಎಲ್ಲ ಕೊಡುಕೊಳ್ಳುವಿಕೆ ಅದರ ಮೇಲೆ. ಮೊದಲ ಸಲ ನೋಡಿದಾಗ ಇದೇನು ಸುತ್ತಿ ಬಳಸಿ ಅನ್ನಿಸಿತ್ತು. ಈಗ ಒಗ್ಗರಣೆಯಲ್ಲೂ ಹೋಸ್ಟಿಗೆ ಸಿಗುವುದು ಬರೀ ಟೋಕನ್ ನಂಬರ್. ದೋಸೆ ಒಳಗೇ ಇರುತ್ತದೆ, ನಿಮ್ಮ ಕೈಯಲ್ಲಿ ಚೀಟಿ. ಚೀಟಿ ವಾಪಸ್ ಕೊಡುವ ತನಕ ದೋಸೆಯನ್ನು ಎಸೆಯುವುದಿಲ್ಲ.

ಸ್ಕ್ರಿಪ್ಟಿನಲ್ಲಿ ಎರರ್ ಬಂದರೆ ಬಿಲ್ಲಿಂಗ್ ನಿಲ್ಲುತ್ತದಾ?

ನಿಲ್ಲಬಾರದು. ಹೋಸ್ಟ್ ಸ್ಕ್ರಿಪ್ಟನ್ನು ಕರೆದಾಗ ಸರಿಯಾಯಿತಾ ಇಲ್ಲವಾ ಅಂತ ಉತ್ತರ ಬರುತ್ತದೆ. ಇಲ್ಲ ಅಂದರೆ ಮೂಲ ಬೆಲೆಗೇ ಬಿಲ್ ಹೊಡೆದು, ಎರರ್ ಸಂದೇಶವನ್ನು ಸಾಲಿನ ಸಂಖ್ಯೆ ಸಮೇತ ಪಕ್ಕಕ್ಕೆ ಬರೆದಿಡುತ್ತದೆ. ಕಾಂಬೊ ರಿಯಾಯಿತಿ ತಪ್ಪಬಹುದು, ಸಾಲಿನಲ್ಲಿ ನಿಂತವರು ಕಾಯುವುದಿಲ್ಲ.

ಸಿ ಭಾಷೆಯ ಲೂವಾದಲ್ಲಿ ಎರರ್ ಅಂದರೆ ಲಾಂಗ್‌ಜಂಪ್, ಮಧ್ಯದಲ್ಲಿದ್ದ ಫಂಕ್ಷನ್‌ಗಳನ್ನೆಲ್ಲ ಹಾರಿ ಸೀದಾ ಮೇಲಕ್ಕೆ. ನಡುವೆ ಯಾರಾದರೂ ಫೈಲ್ ತೆರೆದಿದ್ದರೆ ಮುಚ್ಚುವವರಿಲ್ಲ. ನಾನು ಹೆದರಿ ಪ್ರತಿ ಹಂತದಲ್ಲೂ ಉತ್ತರ ನೋಡಿ ಹಿಂದಿರುಗುವ ಹಾಗೆ ಬರೆದೆ. ಕೋಡ್ ಉದ್ದವಾಯಿತು, ನಿದ್ದೆ ಬಂತು.

ಯಾರಾದರೂ ಮುಗಿಯದ ಲೂಪ್ ಬರೆದರೆ?

ಬರೆದಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು. ಹಿಂದಿನ ರಾತ್ರಿ ಹೊಸ ನಿಯಮ ಹಾಕಿದ್ದರು, ಲೂಪಿನಲ್ಲಿ ಎಣಿಕೆ ಹೆಚ್ಚಿಸುವ ಸಾಲು ಬಿಟ್ಟುಹೋಗಿತ್ತು. ಎರರ್ ಬಂದಿದ್ದರೆ ನಾನು ಮಾಡಿದ್ದ ವ್ಯವಸ್ಥೆ ಕೆಲಸ ಮಾಡುತ್ತಿತ್ತು. ಎರರ್ ಬರಲಿಲ್ಲ, ಏನೂ ಬರಲಿಲ್ಲ, ತೆರೆ ಹಾಗೇ ನಿಂತಿತು. ಕ್ಯಾಷಿಯರ್ ಹಳೆಯ ಡೈರಿ ಹಾಳೆ ಹರಿದು ಪೆನ್ಸಿಲಿನಲ್ಲಿ 'ಮಸಾಲೆ 2, ಕಾಫಿ 2' ಅಂತ ಬರೆದು ಕೊಡುತ್ತಿದ್ದರಂತೆ. ಅಡುಗೆಮನೆಯವರಿಗೆ ಅದೇ ಚೆನ್ನಾಗಿ ಅರ್ಥವಾಯಿತಂತೆ, ಅದು ಬೇರೆ ಮಾತು. ತಪ್ಪು ಆ ಹುಡುಗನದ್ದಲ್ಲ, ನನ್ನದು.

ಈಗ ಪ್ರತಿ ಕರೆಗೂ ಒಂದು ಬಜೆಟ್ ಇದೆ, 2 ಲಕ್ಷ ಆದೇಶ. ಲೂಪ್ ಹಿಂದಕ್ಕೆ ಹಾರಿದಾಗ, ಫಂಕ್ಷನ್ ಕರೆದಾಗ ಲೆಕ್ಕ ನೋಡುತ್ತದೆ. ಮುಗಿದರೆ ಎರರ್. ಲೂವಾದಲ್ಲೂ ಇಂತಿಷ್ಟು ಆದೇಶಕ್ಕೊಮ್ಮೆ ಹೋಸ್ಟನ್ನು ಕರೆಯುವ ಹುಕ್ ಇದೆ. ರೆಡಿಸ್‌ನ ರೀತಿ ಬೇರೆ: ಸ್ಕ್ರಿಪ್ಟ್ 5 ಸೆಕೆಂಡ್ ದಾಟಿದರೆ ಅದನ್ನು ತಾನಾಗಿ ಕೊಲ್ಲುವುದಿಲ್ಲ, ಉಳಿದವರಿಗೆ 'ಬ್ಯುಸಿ' ಅಂತ ಹೇಳಲು ಶುರು ಮಾಡುತ್ತದೆ. ಸ್ಕ್ರಿಪ್ಟ್ ಇನ್ನೂ ಏನನ್ನೂ ಬರೆದಿಲ್ಲ ಅಂದರೆ ಮಾತ್ರ ನೀವು ಅದನ್ನು ನಿಲ್ಲಿಸಬಹುದು. ಅರ್ಧ ಬರೆದ ಲೆಕ್ಕ ಯಾರಿಗೂ ಬೇಡ, ಅದು ಸರಿಯೇ. ಅದೇ ಪಾಠ ಇಲ್ಲೂ ಹಾಕಿದೆ, ನಿಯಮ ಪೂರ್ತಿ ಮುಗಿದ ಮೇಲಷ್ಟೇ ಬಿಲ್ ಬದಲಾಗುತ್ತದೆ.

ಆದೇಶ ಎಣಿಸಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಒಂದು ಪದವನ್ನು ಹತ್ತು ಕೋಟಿ ಸಲ ಜೋಡಿಸು ಅನ್ನುವುದು ಒಂದೇ ಆದೇಶ. ಹಾಗಾಗಿ ಮೆಮೊರಿಗೂ ಮಿತಿ ಬೇಕು. ಮೆಮೊರಿ ಕೊಡುವ ಫಂಕ್ಷನ್ನನ್ನು ಹೋಸ್ಟೇ ಕೊಡಬೇಕು ಅನ್ನೋ ಉಪಾಯ ಲೂವಾದಿಂದ ಕದ್ದಿದ್ದು.

ಸ್ಕ್ರಿಪ್ಟ್ ಫೈಲ್ ಓದಬಹುದಾ, ನೆಟ್‌ಗೆ ಹೋಗಬಹುದಾ?

ಇಲ್ಲ. ಹೋಸ್ಟ್ ಕೈಯಾರೆ ಕೊಟ್ಟ ಫಂಕ್ಷನ್ ಬಿಟ್ಟರೆ ಹೊರಗಿನ ಲೋಕವೇ ಇಲ್ಲ. ಎಲ್ಲ ಕೊಟ್ಟು ಆಮೇಲೆ ಒಂದೊಂದೇ ಕಿತ್ತುಕೊಳ್ಳುವ ದಾರಿ ಹಿಡಿದರೆ ಏನೋ ಒಂದು ಉಳಿದುಹೋಗುತ್ತದೆ. 2022ರಲ್ಲಿ ಡೆಬಿಯನ್ ಲಿನಕ್ಸ್‌ನ ರೆಡಿಸ್ ಪ್ಯಾಕೇಜಿನಲ್ಲಿ ಹಾಗೇ ಆಯಿತು. ಲೂವಾದ 'ಪ್ಯಾಕೇಜ್' ಅನ್ನೋ ಒಂದು ಹೆಸರು ಒಳಗೆ ಉಳಿದಿತ್ತು, ಅದನ್ನು ಹಿಡಿದು ಸ್ಕ್ರಿಪ್ಟ್ ಬೇಲಿ ಹಾರಿ ಹೊರಗೆ ಬರಬಹುದಿತ್ತು.

ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನಲ್ಲಿ ಜೊತೆಜೊತೆಗೆ ಓಡುವ ಕೆಲಸಗಳು, ಇವೆಯಾ?

ಇಲ್ಲ. ಎರಡು ಥ್ರೆಡ್ ಬೇಕಿದ್ದರೆ ಎರಡು ಒಗ್ಗರಣೆ ತೆರೆಯಿರಿ, ಒಂದಕ್ಕೊಂದು ಮಾತಾಡುವುದಿಲ್ಲ. ಇದಕ್ಕಾಗಿಯೇ ಒಂದೂ ಗ್ಲೋಬಲ್ ವೇರಿಯಬಲ್ ಇಲ್ಲದೆ ಸಿ ಕೋಡ್ ಬರೆದಿದ್ದೇನೆ.

ಪಟ್ಟಿ ಶುರುವಾಗುವುದು 0ಯಿಂದನಾ 1ರಿಂದನಾ?

1. ಟೋಕನ್ ನಂಬರ್ ಸೊನ್ನೆ ಅಂತ ಯಾವ ಹೋಟೆಲಿನಲ್ಲೂ ಕೂಗಿದ್ದು ನಾನು ಕೇಳಿಲ್ಲ.

ಎಸ್‌ಪಿ ರೋಡ್‌ನಲ್ಲಿ ಸಿಗುವ ಚಿಕ್ಕ ಬೋರ್ಡ್‌ಗಳಲ್ಲಿ ಓಡುತ್ತದಾ?

ಇಎಸ್‌ಪಿ32 ಅನ್ನೋ ಬೋರ್ಡ್ ತಂದು ಪ್ರಯತ್ನಿಸಿದೆ, ಓಡುತ್ತದೆ. ಅದರಲ್ಲಿ 520 ಕೆಬಿ ರ‍್ಯಾಮ್ ಇದೆ. ಅದಕ್ಕಿಂತ ಚಿಕ್ಕದರಲ್ಲಿ 16 ಬೈಟಿನ ಮೌಲ್ಯಗಳು ಭಾರವಾಗುತ್ತವೆ. ಇಂಥ ಬೋರ್ಡ್‌ಗಳಿಗೆ ನೋಡ್‌ಎಂಸಿಯುನ ಲೂವಾ, ಮೈಕ್ರೋಪೈಥಾನ್ ಎರಡೂ ಪಳಗಿದ ಹಾದಿ. ಅದನ್ನೇ ಹಿಡಿಯಿರಿ.

ನಾನೂ ಒಂದು ಭಾಷೆ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ಎಲ್ಲರೂ ಲೆಕ್ಸರ್‌ನಿಂದ ಶುರು ಮಾಡುತ್ತಾರೆ. ನೀವು ಬೇರೆಯವರ ಪ್ರೋಗ್ರಾಮಿನೊಳಗೆ ಕೂರುವ ಭಾಷೆ ಬರೆಯುತ್ತಿದ್ದರೆ ಮೊದಲು ಹೋಸ್ಟ್ ಕಡೆಯ ಇಪ್ಪತ್ತು ಸಾಲು ಸಿ ಬರೆಯಿರಿ. ಭಾಷೆ ಇನ್ನೂ ಇಲ್ಲ, ಆದರೂ ಇದೆ ಅಂದುಕೊಂಡು ಬರೆಯಿರಿ. ತೆರೆಯುವುದು, ಒಂದು ಫಂಕ್ಷನ್ ಕೊಡುವುದು, ಸ್ಕ್ರಿಪ್ಟ್ ಕರೆಯುವುದು, ಉತ್ತರ ತೆಗೆದುಕೊಳ್ಳುವುದು, ಎರರ್ ನೋಡುವುದು, ಮುಚ್ಚುವುದು. ಆ ಇಪ್ಪತ್ತು ಸಾಲು ನಿಮಗೇ ಅಸಹ್ಯ ಅನ್ನಿಸಿದರೆ ಒಳಗೆ ಏನು ಮಾಡಿದರೂ ಯಾರೂ ಬಳಸುವುದಿಲ್ಲ. ನಾನು ಇದನ್ನು ಕೊನೆಗೆ ಮಾಡಿದೆ, ಅದಕ್ಕೇ ಮೂರು ಸಲ ಬದಲಿಸಬೇಕಾಯಿತು.

ಆತುರ ಬೇಡ. 1995ರಲ್ಲಿ ಬ್ರೆಂಡನ್ ಐಕ್ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು 10 ದಿನದಲ್ಲಿ ಬರೆದರು ಅಂತ ಎಲ್ಲರೂ ಹುರುಪಿನಿಂದ ಹೇಳುತ್ತಾರೆ. 'ನಲ್' (ಏನೂ ಇಲ್ಲ ಅನ್ನೋ ಮೌಲ್ಯ) ಯಾವ ಜಾತಿ ಅಂತ ಕೇಳಿದರೆ 'ಆಬ್ಜೆಕ್ಟ್' ಅನ್ನುವ ಆಗಿನ ತಪ್ಪು ಇವತ್ತಿಗೂ ಹಾಗೇ ಇದೆ. ತಿದ್ದಿದರೆ ಹಳೆಯ ಪುಟಗಳು ಮುರಿಯುತ್ತವೆ. ಒಬ್ಬನೇ ಒಬ್ಬ ಬಳಕೆದಾರ ಬಂದ ಕೂಡಲೇ ನಿಮ್ಮ ತಪ್ಪುಗಳಿಗೂ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ನನ್ನ ಭಾಷೆಯಲ್ಲಿ 'ಮುಗಿಯಿತು' ಬದಲು 'ಅಷ್ಟೆ' ಇಡಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಆಗುವುದಿಲ್ಲ, ಆ ಹುಡುಗ ಆಗಲೇ 340 ಸಾಲು ಬರೆದಿದ್ದಾನೆ.

ಆ ದರ್ಶಿನಿಯಲ್ಲಿ ಈಗಲೂ ಓಡುತ್ತಿದೆಯಾ?

ಓಡುತ್ತಿದೆ. ನಾನು ಹೋಗಿ ತಿದ್ದಿ ತಿಂಗಳುಗಳಾದವು, ಕಾಫಿ ಕುಡಿಯಲು ಮಾತ್ರ ಹೋಗುತ್ತೇನೆ. ನಿಯಮಗಳ ಫೈಲಿನಲ್ಲಿ ಅವನು ನನ್ನ ಫೋನ್ ನಂಬರಿಗೆ ಅಂತ ಒಂದು ನಿಯಮ ಸೇರಿಸಿದ್ದಾನೆ, ಕಾಫಿಗೆ ದುಡ್ಡು ಸೊನ್ನೆ. ಆದರೆ ಅದನ್ನು ಪಾರ್ಸೆಲ್ ನಿಯಮಕ್ಕಿಂತ ಮೇಲೆ ಬರೆದಿದ್ದಾನೆ. ಹಾಗಾಗಿ ಮನೆಗೆ ಕಟ್ಟಿಸಿಕೊಂಡರೆ ನನಗೆ ಈಗಲೂ 5 ರೂಪಾಯಿ ಬಿಲ್ ಬರುತ್ತದೆ.